ನೊರೆ ನಿಲ್ಲದಿದ್ದರೆ ಸೋಪನ್ನೇ ಬೈಯಬೇಡಿ

ಈ ಸಲ ಬಂದ ಪತ್ರಗಳೆಲ್ಲ ಗಡ್ಡದ ಸುತ್ತಲೇ ಇವೆ. ಬ್ರಷ್ಷು, ಸೋಪು, ಸೇಫ್ಟಿ ರೇಜರ್ ಹಿಡಿದು ಹಳೇ ಕ್ರಮದಲ್ಲಿ ಶೇವ್ ಮಾಡಿಕೊಳ್ಳುವುದನ್ನು ಹವ್ಯಾಸವಾಗಿ ಹಚ್ಚಿಕೊಂಡವರು ಇಷ್ಟೊಂದು ಜನ! ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ, ಬೇಜಾರಾಗಬೇಡಿ.

ಪ್ರಶ್ನೆ: ಸರ್, ಡಬ್ಬಿ ಫೋಮ್ ಬಿಟ್ಟು ಬ್ರಷ್ಷು ಮತ್ತು ಸೋಪಿಗೆ ಬಂದೆ. ಎಲ್ಲರೂ ಹೊಗಳುವ ಸೋಪನ್ನೇ ತಂದೆ. ಮೊದಲು ರಾಶಿ ನೊರೆ ಬರುತ್ತದೆ, ಆದರೆ ಒಂದು ಕೆನ್ನೆ ಮುಗಿಯುವುದರೊಳಗೆ ಇನ್ನೊಂದು ಕೆನ್ನೆಯ ನೊರೆ ಮಾಯ. ಸೋಪು ಬದಲಾಯಿಸಲಾ?

ಉತ್ತರ: ಬೇಡ ಸ್ವಾಮಿ, ಸ್ವಲ್ಪ ತಡೀರಿ. ಸೋಪಿನ ಮೇಲೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ನೀರಿನ ದೂರುಗಳೇ ಅಂತ ನನ್ನ ನಂಬಿಕೆ. ಕ್ಷಣದಲ್ಲಿ ರಾಶಿ ನೊರೆ ಎದ್ದರೆ ಅದರಲ್ಲಿ ಗಾಳಿ ಜಾಸ್ತಿ, ಸೋಪು ಕಡಿಮೆ. ನೋಡಲು ಚೆಂದ, ಬ್ಲೇಡಿಗೆ ಪ್ರಯೋಜನ ಇಲ್ಲ. ಶೇವಿಂಗಿಗೆ ಬೇಕಾದ ನೊರೆಯಲ್ಲಿ ಕಣ್ಣಿಗೆ ಗುಳ್ಳೆ ಕಾಣಬಾರದು, ಮೇಲೆ ಹೊಳಪಿರಬೇಕು, ಬ್ರಷ್ ಎತ್ತಿದರೆ ಗಟ್ಟಿ ಮೊಸರು ಕಡೆದ ಹಾಗೆ ಮೆತ್ತಗೆ ಬಾಗುವ ತುದಿ ನಿಲ್ಲಬೇಕು.

ಬ್ರಷ್ಷನ್ನು ನೀರಲ್ಲಿ ಅದ್ದಿ ಚೆನ್ನಾಗಿ ಕೊಡವಿ. ಆಮೇಲೆ ಸೋಪಿನ ಮೇಲೆ ಅರ್ಧ ನಿಮಿಷ ತಿರುಗಿಸಿ. ಅರ್ಧ ನಿಮಿಷ ಅನ್ನುವುದು ಕೈಗೆ ತುಂಬಾ ಹೊತ್ತು ಅನಿಸುತ್ತದೆ, ಬಹಳ ಜನ ನಾಲ್ಕೈದು ಸುತ್ತಿಗೇ ನಿಲ್ಲಿಸಿಬಿಡುತ್ತಾರೆ, ಎಡವಟ್ಟು ಅಲ್ಲೇ ಶುರು. ಕೂದಲಿನ ತುದಿಗೆ ಅಂಟಂಟಾದ ಪೇಸ್ಟ್ ಕೂತಿರಬೇಕು. ಈಗ ಒದ್ದೆ ಮುಖದ ಮೇಲೆ ತಿಕ್ಕಿ, ಬ್ರಷ್ಷಿನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ, ಮತ್ತೆ ತಿಕ್ಕಿ, ಮತ್ತೆ ನಾಲ್ಕು ಹನಿ. ಸೋಪು ನೀರು ಕುಡಿಯುತ್ತಾ ಹೋದ ಹಾಗೆ ಮಂಕಾಗಿದ್ದ ಪೇಸ್ಟಿಗೆ ಹೊಳಪು ಬರುತ್ತದೆ. ಮುಖದ ಮೇಲೆ ಪುಡಿಪುಡಿಯಾಗಿ ಒಣಗಿದರೆ ನೀರು ಸಾಲಲಿಲ್ಲ. ಗುಳ್ಳೆ ಒಡೆದು ಇಳಿದುಹೋದರೆ ಸೋಪು ಸಾಲಲಿಲ್ಲ. ನಿಮ್ಮದು ಎರಡನೆಯದು ಅಂತ ಕಾಣುತ್ತೆ.

ಇಷ್ಟು ಮಾಡಿಯೂ ನಿಲ್ಲದಿದ್ದರೆ ನಲ್ಲಿಯ ಬಾಯಿ ನೋಡಿ. ಬಿಳಿ ಕರೆ ಕಟ್ಟಿದೆಯಾ? ಹಾಗಾದರೆ ನಿಮ್ಮದು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಜಿಗುಟು ಬಿಳಿ ಗಸಿ ಆಗುತ್ತವೆ. ನೊರೆಯಾಗಬೇಕಿದ್ದ ಸೋಪು ಅಲ್ಲೇ ಖರ್ಚಾಯಿತು. ಒಂದು ದಿನ ಒಂದು ಲೋಟ ಡಿಸ್ಟಿಲ್ಡ್ ವಾಟರ್ ಅಥವಾ ಆರ್‌ಒ ನೀರಲ್ಲಿ ಅದೇ ಸೋಪು, ಅದೇ ಬ್ರಷ್ಷಿನಿಂದ ನೊರೆ ಬರಿಸಿ ನೋಡಿ. ವ್ಯತ್ಯಾಸ ಕಂಡರೆ ತಪ್ಪು ಯಾರದ್ದು ಅಂತ ತೀರ್ಮಾನ ಆಯಿತಲ್ವಾ. ಗಡಸು ನೀರೇ ಗತಿ ಅನ್ನುವವರು ಸೋಪನ್ನು ಇನ್ನಷ್ಟು ಹೊತ್ತು ತಿಕ್ಕಿ ಜಾಸ್ತಿ ತೆಗೆದುಕೊಳ್ಳಬೇಕು, ಅಷ್ಟೆ.

ಪ್ರಶ್ನೆ: ಸೋಪಿನ ಡಬ್ಬಿಯ ಹಿಂದೆ ಬರೆದಿದ್ದು ಒಂದೂ ಅರ್ಥವಾಗಲ್ಲ. ಏನು ನೋಡಿ ತಗೋಬೇಕು? ಸುಮ್ನೆ ಸ್ನಾನದ ಸೋಪನ್ನೇ ಬ್ರಷ್ಷಿಗೆ ಹಚ್ಚಿದರೆ ಆಗಲ್ವಾ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಆಗುತ್ತೆ, ಆದರೆ ಚೆನ್ನಾಗಿ ಆಗಲ್ಲ. ಸ್ನಾನದ ಸೋಪಿನ ಕೆಲಸ ಕೊಳೆ ತೆಗೆದು ಬೇಗ ತೊಳೆದುಹೋಗುವುದು. ಶೇವಿಂಗ್ ಸೋಪು ಅದಕ್ಕೆ ಉಲ್ಟಾ, ಅದು ಮುಖದ ಮೇಲೆ ನಿಲ್ಲಬೇಕು, ಜಾರಬೇಕು.

ಸಾಮಾನ್ಯವಾಗಿ ಪಟ್ಟಿಯಲ್ಲಿ ಜಾಸ್ತಿ ಇರುವ ಪದಾರ್ಥ ಮೊದಲು ಬರುತ್ತದೆ. ಹಾಗಾಗಿ ಮೊದಲ ನಾಲ್ಕೈದು ಹೆಸರು ಓದಿದರೆ ಸಾಕು. ಸ್ಟಿಯರಿಕ್ ಆಸಿಡ್ ಅಥವಾ ಪೊಟ್ಯಾಸಿಯಂ ಸ್ಟಿಯರೇಟ್ ಮೇಲ್ಗಡೆ ಇದ್ದರೆ ಒಳ್ಳೆಯ ಲಕ್ಷಣ, ನೊರೆ ದಟ್ಟವಾಗಿ ನಿಲ್ಲುವುದು ಇದರಿಂದಲೇ. ಸ್ನಾನದ ಬಿಲ್ಲೆ ಹೆಚ್ಚಾಗಿ ಸೋಡಿಯಂ ಕ್ಷಾರದಿಂದ ಮಾಡಿದ್ದು, ಅದಕ್ಕೇ ಗಟ್ಟಿ. ಶೇವಿಂಗ್ ಸೋಪಿಗೆ ಪೊಟ್ಯಾಸಿಯಂ ಕ್ಷಾರವೂ ಸೇರುವುದರಿಂದ ಅದು ಮೆದುವಾಗಿರುತ್ತದೆ, ನೀರಲ್ಲಿ ಬೇಗ ಕರಗುತ್ತದೆ. ತೆಂಗಿನೆಣ್ಣೆ ನೊರೆಯನ್ನು ಬೇಗ ಎಬ್ಬಿಸುತ್ತದೆ, ಆದರೆ ಅದರದ್ದೇ ಪಾರುಪತ್ಯವಾದರೆ ಚರ್ಮ ಬಿಗಿದುಕೊಳ್ಳುತ್ತದೆ. ಗ್ಲಿಸರಿನ್ ಇದ್ದರೆ ತೇವ ಉಳಿಯುತ್ತದೆ.

ಟ್ಯಾಲೋ, ಟ್ಯಾಲೋವೇಟ್ ಅಂತ ಇದ್ದರೆ ಅದು ಪ್ರಾಣಿಕೊಬ್ಬು. ಟರ್ಕಿಯ ಆರ್ಕೊ ಕಡ್ಡಿ ಸೋಪಿನಲ್ಲಿ ಅದು ಇರುತ್ತಿತ್ತು. ಲ್ಯಾನೋಲಿನ್ ಅಂದರೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು, ಇಂಗ್ಲೆಂಡಿನ ಮಿಚೆಲ್ಸ್ ವೂಲ್ ಫ್ಯಾಟ್ ಅನ್ನುವ ಸೋಪು ಹೆಸರಾಗಿರುವುದೇ ಅದರಿಂದ. ಹೊಸಬರನ್ನು ನೊರೆಗಾಗಿ ಗೋಳಾಡಿಸುತ್ತದೆ ಅನ್ನುವ ಖ್ಯಾತಿಯೂ ಆ ಸೋಪಿಗಿದೆ! ಕೊಬ್ಬಿನ ಸೋಪಿಲ್ಲದೆ ಒಳ್ಳೆಯ ಶೇವ್ ಇಲ್ಲ ಅಂತ ವಾದಿಸುವವರು ಸಿಗುತ್ತಾರೆ. ನಾನು ಒಪ್ಪಲ್ಲ. ಸ್ಟಿಯರಿಕ್ ಆಸಿಡ್ಡನ್ನು ತಾಳೆ ಎಣ್ಣೆಯಿಂದಲೂ ತೆಗೆಯುತ್ತಾರೆ, ಸಸ್ಯದ ಎಣ್ಣೆಗಳಿಂದಲೇ ಮಾಡಿದ ಒಳ್ಳೊಳ್ಳೆ ಸೋಪುಗಳಿವೆ. ಸಸ್ಯಾಹಾರಿಗಳು ಬ್ರಷ್ಷನ್ನೂ ನೋಡಿ ತೆಗೆದುಕೊಳ್ಳಿ. ಬ್ಯಾಜರ್, ಹಂದಿ, ಕುದುರೆ ಇವೆಲ್ಲ ಪ್ರಾಣಿಯ ಕೂದಲು. ಸಿಂಥೆಟಿಕ್ ಬ್ರಷ್ಷಿಗೆ ಆ ಗೊಡವೆ ಇಲ್ಲ, ಮೊದಲೇ ನೆನೆಸುವ ಕೆಲಸವಿಲ್ಲ, ಬೇಗ ಒಣಗುತ್ತದೆ.

ಕೊನೆಗೆ ರೂಪ. ಕ್ರೀಮು ಸುಲಭ, ಬೇಗ ಖಾಲಿ. ಗಟ್ಟಿ ಬಿಲ್ಲೆ ನಿಧಾನಕ್ಕೆ ನೊರೆ ಕೊಡುತ್ತದೆ, ತಿಂಗಳುಗಟ್ಟಲೆ ಬಾಳುತ್ತದೆ. ಕಡ್ಡಿ ಸೋಪನ್ನು ಒದ್ದೆ ಗಡ್ಡದ ಮೇಲೆ ನೇರವಾಗಿ ಉಜ್ಜಿ ಆಮೇಲೆ ಬ್ರಷ್ ಆಡಿಸುವುದು. ಎಷ್ಟು ಸೋಪು ತೆಗೆದುಕೊಳ್ಳಬೇಕು ಅನ್ನುವ ಲೆಕ್ಕಾಚಾರವೇ ಇಲ್ಲದ್ದರಿಂದ ಹೊಸಬರಿಗೆ ನಾನು ಹೇಳುವುದು ಕಡ್ಡಿಯನ್ನೇ. ಪರಿಮಳ ನೋಡಿ ಮರುಳಾಗುವುದು ಎರಡನೇ ಸೋಪಿನ ಹೊತ್ತಿಗೆ ಇರಲಿ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಹಳೇ ಸೇಫ್ಟಿ ರೇಜರ್ ಸಿಕ್ಕಿತು. ಈಗಿನ ಬ್ಲೇಡ್ ಅದಕ್ಕೆ ಕೂರುತ್ತಾ?

ಉತ್ತರ: ಎರಡೂ ಕಡೆ ಅಲಗಿರುವ ಬ್ಲೇಡಿನ ರೇಜರ್ ಆದರೆ ಕೂರುತ್ತೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಇಂಥ ರೇಜರನ್ನು ಮಾರಾಟಕ್ಕೆ ಬಿಟ್ಟಿದ್ದು 1903ರಲ್ಲಿ, ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ರೇಜರಿನ ಮೂರು ಗೂಟಗಳಿಗೆ ಕೂರಲು ಆಗಿನ ಬ್ಲೇಡಿಗೆ ಮೂರು ತೂತು ಇರುತ್ತಿತ್ತು. ಈಗಿನ ಬ್ಲೇಡಿನ ನಡುವಿನ ಉದ್ದ ಸೀಳು ಆ ಮೂರು ಗೂಟಗಳಿಗೂ ಹೊಂದುತ್ತದೆ. ನೂರು ವರ್ಷದ ಸಾಮಾನಿಗೆ ಇವತ್ತು ಕೊಂಡ ಬ್ಲೇಡ್ ಹಾಕಬಹುದು ಅನ್ನುವುದು ಈ ಹವ್ಯಾಸದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ.

ಪಾತ್ರೆ ತೊಳೆಯುವ ಲಿಕ್ವಿಡ್ಡು, ಹಳೇ ಟೂತ್‌ಬ್ರಷ್, ಉಗುರು ಬೆಚ್ಚಗಿನ ನೀರು, ಇಷ್ಟು ಸಾಕು ಅದನ್ನು ತೊಳೆಯಲು. ಲೋಹದ ಲೇಪ ಎದ್ದು ಹೋಗುವಂತೆ ಉಜ್ಜಬೇಡಿ. ಬ್ಲೇಡ್ ಹಾಕಿ ಬಿಗಿ ಮಾಡಿದ ಮೇಲೆ ಎರಡೂ ಕಡೆ ಅಲಗು ಒಂದೇ ಸಮನಾಗಿ ಹೊರಗೆ ಬಂದಿದೆಯಾ ನೋಡಿ. ಒಂದು ಕಡೆ ಜಾಸ್ತಿ ಇಣುಕುತ್ತಿದ್ದರೆ ಬಿಚ್ಚಿ ಮತ್ತೆ ಕೂರಿಸಿ. ರೇಜರಿನ ತಲೆ ಸೊಟ್ಟಗಾಗಿದ್ದರೆ ಮುಖಕ್ಕೆ ತರಬೇಡಿ, ನೆನಪಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಶೇವ್ ಆದ ಮರುದಿನ ಕುತ್ತಿಗೆ ಮೇಲೆ ಕೆಂಪು ಗುಳ್ಳೆ. ಮೆಂತಾಲ್ ಇರುವ ಸೋಪು ಹಚ್ಚಿದರೆ ತಂಪಾಗಿ ವಾಸಿಯಾಗುತ್ತೆ ಅಂತ ಗೆಳೆಯ ಹೇಳಿದ.

ಉತ್ತರ: ತಂಪು ಅನಿಸುತ್ತದೆ, ಅಷ್ಟೇ. ಮೆಂತಾಲ್ ತಂಪಿನ ಅನುಭವ ಕೊಡುತ್ತದೆ, ಗುಳ್ಳೆ ವಾಸಿ ಮಾಡುವುದಿಲ್ಲ, ಕೆಲವರ ಚರ್ಮಕ್ಕೆ ಅದೇ ಉರಿ ತರಿಸುತ್ತದೆ.

ಗುಂಗುರು ಗಡ್ಡದವರಲ್ಲಿ ಕತ್ತರಿಸಿದ ಕೂದಲು ಬಾಗಿ ಮತ್ತೆ ಚರ್ಮದೊಳಕ್ಕೆ ಚುಚ್ಚಿಕೊಳ್ಳುತ್ತದೆ, ಅದಕ್ಕೇ ಗುಳ್ಳೆ. ಕುತ್ತಿಗೆಯ ಕೂದಲು ಯಾವ ಕಡೆ ಬೆಳೆದಿದೆ ಅಂತ ಬೆರಳಾಡಿಸಿ ತಿಳಿದುಕೊಳ್ಳಿ. ನುಣ್ಣಗೆ ಅನಿಸಿದ್ದು ಬೆಳೆದ ದಿಕ್ಕು, ಒರಟು ಅನಿಸಿದ್ದು ಎದುರು. ಬಹಳ ಜನರಿಗೆ ಕುತ್ತಿಗೆಯ ಒಂದೊಂದು ಭಾಗದಲ್ಲಿ ಒಂದೊಂದು ದಿಕ್ಕು. ಕೆಲವು ವಾರ ಎದುರು ದಿಕ್ಕಿಗೆ ಹೋಗಲೇಬೇಡಿ, ಸ್ವಲ್ಪ ಗಡ್ಡ ಉಳಿದರೆ ಉಳಿಯಲಿ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗುವಂತೆ ರೇಜರನ್ನು ಹಿಡಿದು ಅದರ ತೂಕಕ್ಕೇ ಕೆಲಸ ಬಿಡಿ, ಒತ್ತಬೇಡಿ. ಕಾರ್ಟ್ರಿಜ್ (ಬ್ಲೇಡು ಕೂಡಿಸಿದ ತಲೆಯನ್ನೇ ಬದಲಿಸುವ ರೇಜರ್) ಬಿಟ್ಟು ಬಂದವರ ಕೈ ತಾನಾಗಿ ಒತ್ತುತ್ತದೆ, ಅದನ್ನು ಬಿಡಿಸುವುದೇ ದೊಡ್ಡ ಕೆಲಸ. ಸ್ನಾನ ಆದ ಮೇಲೆ ಶೇವ್ ಮಾಡಿ, ನೀರು ಕುಡಿದ ಕೂದಲನ್ನು ಸಲೀಸಾಗಿ ಕತ್ತರಿಸಬಹುದು. ಸೋಪು ಪರಿಮಳ ಇಲ್ಲದ್ದಿರಲಿ. ಕೀವು ತುಂಬಿದರೆ, ಕಲೆ ಉಳಿಯುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮ ಯಜಮಾನರು ಶೇವಿಂಗ್ ಸೋಪು ತಂದು ತಂದು ಬಾತ್‌ರೂಮಿನಲ್ಲಿ ನನ್ನ ಎಣ್ಣೆ ಬಾಟಲಿಗೂ ಜಾಗ ಇಲ್ಲ. ಇವು ಕೆಡುವುದಿಲ್ವಾ? ಕೆಡುತ್ತೆ ಅಂತ ಹೇಳಿ ಸಾರ್, ಪ್ಲೀಸ್.

ಉತ್ತರ: ನಿಮ್ಮ ಪರ ವಾದಿಸಲು ಆಸೆಯಿದೆ ಮೇಡಂ, ಆದರೆ ಗಟ್ಟಿ ಸೋಪು ವರ್ಷಗಟ್ಟಲೆ ಇರುತ್ತದೆ. ಮೊದಲು ಹೋಗುವುದು ಪರಿಮಳ, ಅದರಲ್ಲೂ ನಿಂಬೆ, ಕಿತ್ತಳೆಯಂಥವು. ಕ್ರೀಮು ಅಷ್ಟು ಬಾಳುವುದಿಲ್ಲ. ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ, ಧಾರಾಳವಾಗಿ ಎಸೆಯಿರಿ. ಒದ್ದೆ ಸೋಪಿಗೆ ತಕ್ಷಣ ಮುಚ್ಚಳ ಹಾಕುವ ಅಭ್ಯಾಸ ಅವರಿಗಿದ್ದರೆ ಕೆಲವಕ್ಕೆ ಬೂಷ್ಟು ಹಿಡಿದಿರಲೂಬಹುದು, ತೆರೆದು ನೋಡಿ. ಉಳಿದದ್ದನ್ನು ಬಾತ್‌ರೂಮಿನ ತೇವದಿಂದ ಹೊರಗೆ ತಂದು ಒಣ ಕಪಾಟಿನಲ್ಲಿಟ್ಟರೆ ಸೋಪಿಗೂ ಒಳ್ಳೆಯದು, ನಿಮ್ಮ ಬಾಟಲಿಗೂ ಜಾಗ ಸಿಗುತ್ತದೆ. ಬಳಸುವ ಒಂದು ಮಾತ್ರ ಒಳಗಿರಲಿ.

ಪ್ರಶ್ನೆ: ಪಟಿಕ ಹಚ್ಚಿದರೆ ಉರಿಯುತ್ತೆ. ಬಿಟ್ಟುಬಿಡಲಾ?

ಉತ್ತರ: ಬಿಡಬಹುದು, ಕಡ್ಡಾಯವೇನಿಲ್ಲ. ಅದು ಚರ್ಮವನ್ನು ಬಿಗಿ ಮಾಡಿ ಸಣ್ಣಪುಟ್ಟ ಗೀರಿನ ರಕ್ತ ನಿಲ್ಲಿಸುತ್ತದೆ. ಜೊತೆಗೆ ಒಂದು ಉಪಯೋಗ ಇದೆ: ಎಲ್ಲಿ ಜೋರಾಗಿ ಉರಿಯಿತೋ ಅಲ್ಲಿ ನೀವು ಒತ್ತಿದ್ದೀರಿ, ಇಲ್ಲವೇ ನೊರೆ ಇಲ್ಲದ ಜಾಗದಲ್ಲಿ ಮತ್ತೊಮ್ಮೆ ಬ್ಲೇಡ್ ಎಳೆದಿದ್ದೀರಿ. ಇಟ್ಟುಕೊಳ್ಳುವುದಾದರೆ ಸ್ವಲ್ಪ ಹೊತ್ತು ಬಿಟ್ಟು ತಣ್ಣೀರಲ್ಲಿ ತೊಳೆದುಕೊಳ್ಳಿ, ಪಟಿಕವನ್ನು ಒರೆಸಿಡಿ. ಒಬ್ಬರ ಪಟಿಕ ಇನ್ನೊಬ್ಬರಿಗೆ ಬೇಡ, ರಕ್ತ ತಾಗುವ ವಸ್ತು ಅದು.