ಬಾಲ್ಯವಿವಾಹ ರದ್ದು ಮಾಡಿಸಿದ ಮುಖ್ಯಸ್ಥೆ

ಪ್ರಶ್ನೆ: ಮೇಡಂ, ಆಫ್ರಿಕಾದಲ್ಲಿ ಒಬ್ಬ ಹೆಂಗಸು ನೂರಾರು ಬಾಲ್ಯವಿವಾಹ ರದ್ದು ಮಾಡಿಸಿದ್ರಂತೆ, ನಿಜಾನಾ? ಊರಿನ ಗಂಡಸರು ಸುಮ್ನೆ ಬಿಟ್ರಾ?

ಉತ್ತರ: ನಿಜ ಕಣ್ರೀ, ಮಲಾವಿ ದೇಶದ ತೆರೇಸಾ ಕಚಿಂದಮೋಟೊ. ಕಾಲೇಜೊಂದರಲ್ಲಿ ಸೆಕ್ರೆಟರಿ ಆಗಿದ್ದವರು, ಮುಖಂಡರ ಮನೆತನ, 2003ರಲ್ಲಿ ಡೆಡ್ಜಾ ಜಿಲ್ಲೆಗೆ ಕರೆಸಿ ಹಿರಿಯ ಮುಖ್ಯಸ್ಥೆ ಮಾಡಿದ್ರು, ಬಂದು ನೋಡಿದ್ರೆ 12 ವರ್ಷದ ಹುಡುಗೀರ ಕಂಕುಳಲ್ಲಿ ಮಗು! ಅಪ್ಪ ಅಮ್ಮಂದಿರಿಗೆ ಹೇಳಿದ್ರೆ ಕೇಳ್ಲಿಲ್ಲ. ಆಗ ತಮ್ಮ ಕೈಕೆಳಗಿನ ಹಳ್ಳಿ ಮುಖಂಡರನ್ನೇ ಕೂರಿಸಿ ಇಂಥ ಮದುವೆ ನಿಲ್ಲಿಸ್ತೀವಿ ಅಂತ ಸಹಿ ಹಾಕಿಸ್ಕೊಂಡ್ರು, ಆಮೇಲೂ ಮಾಡಿಸಿದವರನ್ನ ಹುದ್ದೆಯಿಂದ ಕಿತ್ತುಹಾಕಿದ್ರು, ಮದುವೆ ರದ್ದಾಗಿದೆ ಅಂತ ಖಾತ್ರಿ ಆದ್ಮೇಲೆನೇ ವಾಪಸ್ ತಗೊಂಡಿದ್ದು. ಗಂಡಸರು ಎಲ್ಲಿ ಸುಮ್ನೆ ಬಿಡ್ತಾರೆ, ಕೊಲೆ ಬೆದರಿಕೆನೂ ಬಂತು. ಆದ್ರೂ ಕೆಲವೇ ವರ್ಷದಲ್ಲಿ 850ಕ್ಕೂ ಹೆಚ್ಚು ಮದುವೆ ರದ್ದಾಯ್ತು.

ನನಗೆ ತುಂಬಾ ದೊಡ್ಡದು ಅನ್ಸೋದು ಅವರು ಹುಡುಗೀರನ್ನ ಬಿಡಿಸಿ ಅಲ್ಲಿಗೇ ಕೈತೊಳ್ಕೊಳ್ಲಿಲ್ಲ, ಸ್ಕೂಲಿಗೆ ವಾಪಸ್ ಕಳಿಸಿದ್ರು, ಫೀಸ್ ಕಟ್ಟೋಕೆ ಆಗದವರಿಗೆ ದುಡ್ಡು ಹೊಂದಿಸಿದ್ರು. ಅದಿಲ್ದಿದ್ರೆ ಬಡತನ ಮತ್ತೆ ಅದೇ ಮನೆಗೆ ತಳ್ತಿತ್ತು. ಅಂದಹಾಗೆ ಅಲ್ಲಿ 2015ರ ಕಾನೂನು ಮದುವೆ ವಯಸ್ಸು 18 ಅಂದ್ರೂ, ಅಪ್ಪ ಅಮ್ಮ ಒಪ್ಪಿದ್ರೆ 15ಕ್ಕೇ ಆಗ್ಬಹುದು ಅಂತ ಸಂವಿಧಾನದಲ್ಲೇ ಇತ್ತು, 2017ರಲ್ಲಿ ಅದನ್ನೂ ತಿದ್ದಿದ್ರು.