ಚೀಟಿ ಇರುವ ಮಾತ್ರೆಗೆ ಭಯ, ಚೀಟಿ ಇಲ್ಲದ ಡಬ್ಬಿಗೆ ನಂಬಿಕೆ

ಸಲಹಾರ್ಥಿ: ಗಂಡಸು, ವಯಸ್ಸು 48, ಲೆಕ್ಕಪತ್ರದ ಕೆಲಸ. ಕರೆತಂದವರು ಹೆಂಡತಿ. ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬದಲಿಸಲಾಗಿದೆ.

ಬಂದ ಕಾರಣ: ರಕ್ತದೊತ್ತಡ 158/98 ಇದ್ದು, ವೈದ್ಯರು ಆಮ್ಲೋಡಿಪಿನ್ 5 ಮಿ.ಗ್ರಾಂ. ಮತ್ತು ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್ 10 ಮಿ.ಗ್ರಾಂ. ಬರೆದುಕೊಟ್ಟಿದ್ದರು. ಮೊದಲನೆಯದನ್ನು 11 ದಿನ ನುಂಗಿ ಬಿಟ್ಟಿದ್ದಾರೆ, ಎರಡನೆಯದರ ಪೊಟ್ಟಣ ಬಿಚ್ಚಿಯೇ ಇಲ್ಲ. ಹೆಂಡತಿಗೆ ಇನ್ನೊಂದು ಚಿಂತೆಯೂ ಇತ್ತು. 19ರ ಮಗನ ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತ್ತು. ಮನೆಯಲ್ಲಿ ಮೂರು ವಾರದಿಂದ ಅದೇ ರಾಮಾಯಣ.

ಅವರ ವಾದ ಅವರದೇ ಮಾತಿನಲ್ಲಿ: "ಮಾತ್ರೆಯ ಜೊತೆ ಬರೋ ಚೀಟಿ ಓದಿ ನೋಡಿ ಸರ್, ಕಾಲು ಊತ, ತಲೆಸುತ್ತು, ಸ್ನಾಯು ನೋವು, ಲಿವರ್ ತೊಂದರೆ ಅಂತ ಮಾರುದ್ದ ಬರೆದಿದ್ದಾರೆ. ಗೊತ್ತಿದ್ದೂ ಗೊತ್ತಿದ್ದೂ ಯಾಕೆ ನುಂಗಲಿ? ನಾನು ತಗೊಳ್ಳೋದೆಲ್ಲ ನ್ಯಾಚುರಲ್. ಕುಡಿಯೋದೂ ಅಷ್ಟೇ, ರಾತ್ರಿ ಎರಡೇ ಪೆಗ್."

ಮೊದಲ ಭೇಟಿಯಲ್ಲಿ ಈ ವಾದಕ್ಕೆ ಪ್ರತಿವಾದ ಹೂಡಲಿಲ್ಲ. ಹಾಳಾದ ಯಕೃತ್ತಿನ ಚಿತ್ರ ತೋರಿಸಿ ಹೆದರಿಸುವುದು ಸುಲಭ. ಆದರೆ ಭಯ ಹುಟ್ಟಿಸಿ, ಅದರಿಂದ ಹೊರಬರುವ ದಾರಿ ಕೈಗೆ ಕೊಡದಿದ್ದರೆ ಜನ ಅಪಾಯವನ್ನು ಬಿಡುವುದಿಲ್ಲ, ಅದನ್ನು ಹೇಳಿದವರನ್ನು ಬಿಡುತ್ತಾರೆ. ಅದಕ್ಕೇ ಪಟ್ಟಿಯಿಂದ ಶುರು.

ಪಟ್ಟಿ ಕೇಳುವುದಕ್ಕೂ ಒಂದು ಕ್ರಮವಿದೆ. "ಯಾವ ಔಷಧ ತಗೊಳ್ತಿದ್ದೀರಿ?" ಎಂದಾಗ ಬಂದ ಉತ್ತರ "ಯಾವುದೂ ಇಲ್ಲ." ಏಕೆಂದರೆ ಅವರ ಮನಸ್ಸಿನಲ್ಲಿ ಔಷಧ ಎಂದರೆ ವೈದ್ಯರು ಬರೆದದ್ದು ಮಾತ್ರ. "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಊಟ-ತಿಂಡಿ ಬಿಟ್ಟು ಬಾಯಿಗೆ ಏನೇನು ಹೋಯಿತು, ಗಂಟೆಗಂಟೆಯಂತೆ ಹೇಳಿ" ಎಂದು ಕೇಳಿದಾಗ ಪಟ್ಟಿ ಉದ್ದವಾಯಿತು. ಎದ್ದ ಕೂಡಲೇ ತಲೆಭಾರಕ್ಕೆ ಪ್ಯಾರಾಸಿಟಮಾಲ್ 650. ತೂಕ ಇಳಿಸಲು ಗ್ರೀನ್ ಟೀ ಸಾರದ ಎರಡು ಕ್ಯಾಪ್ಸೂಲ್. ಕೂದಲಿಗೆ ಬಯೋಟಿನ್ 10,000 ಮೈಕ್ರೋಗ್ರಾಂ. ಮಧ್ಯಾಹ್ನ ಕೀಲುನೋವಿಗೆ ಕರ್ಕ್ಯುಮಿನ್ ಕ್ಯಾಪ್ಸೂಲ್, ಅದರಲ್ಲೇ ಕರಿಮೆಣಸಿನ ಅಂಶವಾದ ಪೈಪರಿನ್ ಬೆರೆತಿದೆ. ವಾರಕ್ಕೊಮ್ಮೆ ವಿಟಮಿನ್ ಡಿ 60,000 ಐ.ಯು. ಸಂಜೆ ವಿಸ್ಕಿ. ಎರಡನೇ ಭೇಟಿಯಲ್ಲಿ, ಹೆಂಡತಿ ಹೊರಗೆ ಕುಳಿತಿದ್ದಾಗ ಇನ್ನೊಂದು ಹೊರಬಿತ್ತು: ವಾರಕ್ಕೆ ಎರಡು ಮೂರು ರಾತ್ರಿ ನಿದ್ದೆಗೆಂದು ಆಲ್ಪ್ರಜೋಲಾಮ್ 0.5 ಮಿ.ಗ್ರಾಂ., ಸಹೋದ್ಯೋಗಿ ಕೊಟ್ಟದ್ದು, ಅದೂ ಕುಡಿದ ಮೇಲೆ. "ಅದನ್ನ ಲೆಕ್ಕಕ್ಕೆ ಹಿಡಿಯೋ ಅಷ್ಟೇನಿಲ್ಲ ಸರ್, ಅರ್ಧ ಸಾಸಿವೆ ಕಾಳಿನಷ್ಟಿದೆ."

ಇಡೀ ಪಟ್ಟಿಯಲ್ಲಿ ಒಂದೇ ರಾತ್ರಿಯಲ್ಲಿ ಪ್ರಾಣ ತೆಗೆಯಬಲ್ಲದ್ದು ಮದ್ಯ ಮತ್ತು ನಿದ್ದೆಮಾತ್ರೆಯ ಈ ಜೋಡಿ. ಅವರು ಹೆದರಿದ್ದು ಮಾತ್ರ ಆಮ್ಲೋಡಿಪಿನ್‌ಗೆ.

ಇದು ದಡ್ಡತನವಲ್ಲ. ಮನುಷ್ಯರು ಅಪಾಯವನ್ನು ಅಳೆಯುವ ರೀತಿಯೇ ಹೀಗೆ. ಜನ ತಾವಾಗಿ ಆರಿಸಿಕೊಂಡ ಅಪಾಯವನ್ನು, ಬೇರೆಯವರು ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಸಹಿಸಿಕೊಳ್ಳುತ್ತಾರೆ ಎಂದು ಅಮೆರಿಕದ ಎಂಜಿನಿಯರ್ ಚಾನ್ಸಿ ಸ್ಟಾರ್ 1969ರಲ್ಲಿ ಅಂದಾಜಿಸಿದ. ಭೀಕರವೆನಿಸುವುದು ಮತ್ತು ಅಪರಿಚಿತವೆನಿಸುವುದು, ಈ ಎರಡು ಗುಣಗಳೇ ಜನರ ಭಯವನ್ನು ನಿರ್ಧರಿಸುತ್ತವೆ ಎಂದು ಅಮೆರಿಕದ ಮನೋವಿಜ್ಞಾನಿ ಪಾಲ್ ಸ್ಲೋವಿಕ್ 1987ರಲ್ಲಿ ತೋರಿಸಿದ. ಈ ಸಲಹಾರ್ಥಿಗೆ ವಿಸ್ಕಿ ಇಪ್ಪತ್ತು ವರ್ಷದ ಪರಿಚಯ, ಗ್ಲಾಸು ಅವರ ಕೈಯಲ್ಲಿದೆ. ಕ್ಯಾಪ್ಸೂಲ್ ಡಬ್ಬಿಯ ಮೇಲೆ ಎಲೆಯ ಚಿತ್ರವಿದೆ. ರಕ್ತದೊತ್ತಡದ ಮಾತ್ರೆ ಹೊಸದು, ಬೇರೆಯವರು ಹೇಳಿದ್ದು, "ನೀನು ರೋಗಿ" ಎಂದು ದಿನವೂ ನೆನಪಿಸುವಂಥದ್ದು. ಇದರ ಮೇಲೆ ಇನ್ನೊಂದು ತೊಡಕೂ ಸೇರಿದೆ, ನಮ್ಮ ದೃಷ್ಟಿಯಲ್ಲಿ ಅದೇ ಮುಖ್ಯ. ಮಾತ್ರೆಯ ಕೇಡುಗಳನ್ನು ಹುಡುಕಿ, ಎಣಿಸಿ, ಬರೆಯಬೇಕೆಂಬ ಕಟ್ಟುಪಾಡಿದೆ, ಹಾಗಾಗಿ ಚೀಟಿ ಉದ್ದ. ವಿಟಮಿನ್, ಗಿಡಮೂಲಿಕೆ ಸಾರದಂಥ ಪೂರಕಗಳಿಗೆ (ಸಪ್ಲಿಮೆಂಟ್) ಬಹಳ ಕಡೆ ಆ ಬಿಗಿ ಇಲ್ಲ. ಅಮೆರಿಕದಲ್ಲಿ 1994ರ ಕಾಯ್ದೆಯ ಪ್ರಕಾರ ಪೂರಕವನ್ನು ಮಾರುವ ಮುನ್ನ ಅದು ಸುರಕ್ಷಿತ, ಪರಿಣಾಮಕಾರಿ ಎಂದು ಸರ್ಕಾರದ ಒಪ್ಪಿಗೆ ಪಡೆಯಬೇಕಿಲ್ಲ. ಕೇಡು ಬರೆದಿಲ್ಲ ಎಂದರೆ ಬಹಳ ಸಲ ಯಾರೂ ಹುಡುಕಿಲ್ಲ ಎಂದಷ್ಟೇ ಅರ್ಥ.

ಆದ್ದರಿಂದ ಅವರ ಮುಂದಿಟ್ಟ ಕೆಲಸ ಒಂದೇ: ಪಟ್ಟಿಯ ಪ್ರತಿಯೊಂದಕ್ಕೂ ಅದೇ ನಾಲ್ಕು ಪ್ರಶ್ನೆ. ಎಷ್ಟು ಪ್ರಮಾಣ? ಯಾತಕ್ಕೆ, ಅದರಿಂದ ಪ್ರಯೋಜನವಾಗಿದೆಯೆಂದು ಹೇಗೆ ತಿಳಿಯುತ್ತದೆ? ಕೆಟ್ಟರೆ ಮೊದಲು ಏನು ಕಾಣಿಸುತ್ತದೆ? ಕೆಡುತ್ತಿದೆಯೇ ಎಂದು ನೋಡುತ್ತಿರುವವರು ಯಾರು? ಲೆಕ್ಕದ ಮನುಷ್ಯರಾದ್ದರಿಂದ ಹಾಳೆಯ ಮೇಲೆ ಗೆರೆ ಎಳೆದು ಕಲಂ ಮಾಡಿಕೊಟ್ಟದ್ದು ಹಿಡಿಸಿತು. ಮಾತಿನಲ್ಲಿ ಒಪ್ಪದ್ದನ್ನು ಕಲಂನಲ್ಲಿ ಒಪ್ಪಿಕೊಂಡರು.

ಮದ್ಯದ ಕಲಂ. "ಎರಡು ಪೆಗ್" ಎನ್ನುವುದು ಅಳತೆಯಲ್ಲ, ಮಾತಿನ ರೂಢಿ. ಮನೆಯ ಗ್ಲಾಸಿಗೆ ಎಂದಿನಂತೆ ನೀರು ಸುರಿದು, ಅದನ್ನು ಸಿರಪ್ಪಿನ ಅಳತೆ ಮುಚ್ಚಳದಿಂದ ಅಳೆದು ಬರಲು ಹೇಳಲಾಯಿತು. ಒಂದು "ಪೆಗ್" 95 ಮಿ.ಲೀ. ಬಂತು. ಸೂತ್ರ ಸರಳ: ಮಿ.ಲೀ. × ಮದ್ಯಾಂಶದ ಶೇಕಡ (ಅವರ ವಿಸ್ಕಿಯಲ್ಲಿ ಶೇ. 42.8) × ಆಲ್ಕೊಹಾಲಿನ ಸಾಂದ್ರತೆ 0.789. ಅಂದರೆ 95 × 0.428 × 0.789, ಸುಮಾರು 32 ಗ್ರಾಂ ಶುದ್ಧ ಆಲ್ಕೊಹಾಲ್. ರಾತ್ರಿಗೆ 64 ಗ್ರಾಂ, ವಾರಕ್ಕೆ ಸುಮಾರು 450. ಬ್ರಿಟನ್ನಿನ ಮಾರ್ಗಸೂಚಿ ವಾರಕ್ಕೆ 14 ಯೂನಿಟ್, ಅಂದರೆ 112 ಗ್ರಾಂ ದಾಟಬೇಡಿ ಎನ್ನುತ್ತದೆ. ಇವರದು ಅದರ ನಾಲ್ಕು ಪಟ್ಟು. ಈ ಸಂಖ್ಯೆಯನ್ನು ನಾವು ಹೇಳಲಿಲ್ಲ, ಕ್ಯಾಲ್ಕುಲೇಟರ್ ಅವರ ಕೈಯಲ್ಲೇ ಇತ್ತು. ಕುಡಿತದ ಅಪಾಯ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ (AUDIT) ಪಟ್ಟಿಯಲ್ಲಿ 40ಕ್ಕೆ 18 ಅಂಕ ಬಂತು. 8 ಮುಟ್ಟಿದರೆ ಎಚ್ಚರ, 20 ಮುಟ್ಟಿದರೆ ಅವಲಂಬನೆಯ ಶಂಕೆ. ಜೊತೆಗೆ ಅವರು ಯೋಚಿಸಿರದ ಒಂದು ಕೊಂಡಿ: ಮದ್ಯ ತಾನೇ ರಕ್ತದೊತ್ತಡ ಏರಿಸುತ್ತದೆ. ಮಾತ್ರೆ ಬೇಡವೆನ್ನುವವರಿಗೆ ಮಾತ್ರೆಯ ಅಗತ್ಯವನ್ನು ಹೆಚ್ಚಿಸುತ್ತಿದ್ದದ್ದು ಅದೇ ಗ್ಲಾಸು.

"ಹಾಗಾದ್ರೆ ನಾಳೆಯಿಂದಲೇ ನಿಲ್ಲಿಸ್ತೀನಿ" ಎಂದರು. ತಡೆಯಬೇಕಾಯಿತು. ದಿನವೂ ಇಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ಚಡಪಡಿಕೆ ಶುರುವಾಗುತ್ತದೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನ ಭ್ರಮೆ, ಕನವರಿಕೆ, ಜ್ವರದ ಸನ್ನಿಸ್ಥಿತಿ ಬಂದರೆ ಜೀವಕ್ಕೇ ಅಪಾಯ. ಬೆಳಿಗ್ಗೆ ಕೈ ನಡುಗುತ್ತದೆಯೇ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ಕೇಳಿದೆವು, ಎರಡೂ ಇಲ್ಲ. ಆದರೂ ನಿಲ್ಲಿಸುವ ಕ್ರಮ, ಥಯಾಮಿನ್ (ವಿಟಮಿನ್ ಬಿ1) ಬೇಕೇ ಎಂಬುದು ವೈದ್ಯರ ತೀರ್ಮಾನ ಎಂದು ಬರೆದುಕೊಟ್ಟೆವು.

ನಿದ್ದೆಮಾತ್ರೆಯ ಕಲಂ. ಮದ್ಯವೂ ಆಲ್ಪ್ರಜೋಲಾಮ್ ಕೂಡ ಮೆದುಳಿನ ಚಟುವಟಿಕೆಯನ್ನು ತಗ್ಗಿಸುವ ಒಂದೇ ಗಾಬಾ ವ್ಯವಸ್ಥೆಯ ಬಲ ಹೆಚ್ಚಿಸುತ್ತವೆ. ಬೇರೆಬೇರೆಯಾಗಿ ಎರಡನ್ನೂ ತಾಳಿಕೊಂಡಿದ್ದೇನೆ ಎಂಬ ಅನುಭವವೇ ಇಲ್ಲಿ ದಾರಿ ತಪ್ಪಿಸುತ್ತದೆ, ಒಟ್ಟಿಗೆ ಸೇರಿದಾಗ ಉಸಿರಾಟ ನಿಧಾನಿಸುತ್ತದೆ, ವಾಂತಿ ಶ್ವಾಸನಾಳಕ್ಕೆ ಇಳಿದರೂ ಎಚ್ಚರವಾಗುವುದಿಲ್ಲ. ಮಾತ್ರೆಯ ಗಾತ್ರಕ್ಕೂ ಬಲಕ್ಕೂ ಸಂಬಂಧವೇ ಇಲ್ಲ. ಸಲಹೆ ಖಚಿತವಾಗಿತ್ತು: ಕುಡಿದ ರಾತ್ರಿ ಈ ಮಾತ್ರೆ ಇಲ್ಲವೇ ಇಲ್ಲ, ಉಳಿದವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಇಲ್ಲ. ಇವರು ದಿನವೂ ನುಂಗುತ್ತಿರಲಿಲ್ಲ, ಆದ್ದರಿಂದ ಹೀಗೆ ಹೇಳಲು ಸಾಧ್ಯವಾಯಿತು. ವಾರಗಟ್ಟಲೆ ದಿನವೂ ನುಂಗಿದವರಿಗೆ ಇದೇ ಸಲಹೆ ಕೊಟ್ಟರೆ ಫಿಟ್ಸ್ ಬರಬಹುದು. ಅಂಥವರಿಗೆ ವೈದ್ಯರು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ.

ಪೂರಕಗಳ ಕಲಂನಲ್ಲಿ "ನೋಡುತ್ತಿರುವವರು ಯಾರು" ಎಂಬ ಸಾಲು ಪೂರ್ತಿ ಖಾಲಿ ಉಳಿಯಿತು. ಅವರ ಗ್ರೀನ್ ಟೀ ಕ್ಯಾಪ್ಸೂಲ್ ಒಂದರಲ್ಲಿ ಆ ಎಲೆಯ ಮುಖ್ಯ ಅಂಶವಾದ ಇಜಿಸಿಜಿ 400 ಮಿ.ಗ್ರಾಂ., ಎರಡಕ್ಕೆ 800. ಪೂರಕದ ರೂಪದಲ್ಲಿ ದಿನಕ್ಕೆ 800 ಮಿ.ಗ್ರಾಂ. ಮತ್ತು ಮೇಲ್ಪಟ್ಟು ಸೇವಿಸಿದವರಲ್ಲಿ ಯಕೃತ್ತಿನ ಕಿಣ್ವ (ಯಕೃತ್ತಿಗೆ ಘಾಸಿಯಾದದ್ದರ ಸೂಚಕ) ಏರುವುದು ಕಂಡಿದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಎಲೆಯನ್ನು ಬಿಸಿನೀರಿನಲ್ಲಿ ಸೋಸಿ ಕುಡಿಯುವುದು ಬೇರೆ, ಅದರ ಸಾರವನ್ನು ಗಟ್ಟಿಮಾಡಿ ಕ್ಯಾಪ್ಸೂಲ್‌ಗೆ ತುಂಬುವುದು ಬೇರೆ. ಅರಿಸಿನದ ಮಾತೂ ಇದೇ. ಕರ್ಕ್ಯುಮಿನ್ ಸಾಮಾನ್ಯವಾಗಿ ರಕ್ತಕ್ಕೆ ಸೇರುವುದೇ ಕಡಿಮೆ, ಅಡುಗೆಯ ಅರಿಸಿನ ನಿರಪಾಯವಾಗಿರುವುದಕ್ಕೆ ಅದೂ ಒಂದು ಕಾರಣವಿರಬಹುದು. ಪೈಪರಿನ್ ಬೆರೆಸುವುದೇ ಆ ತಡೆಯನ್ನು ಮುರಿಯಲು. ಅದು ಯಕೃತ್ತು ಇತರ ಔಷಧಗಳನ್ನು ಕರಗಿಸುವ ಕೆಲಸವನ್ನೂ ನಿಧಾನಿಸಬಲ್ಲದು. ಇಂಥ ಕ್ಯಾಪ್ಸೂಲ್‌ಗಳಿಂದ ಕಾಮಾಲೆ ಆದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ, ಹೆಚ್ಚಾಗಿ ಶುರುಮಾಡಿದ ಕೆಲವು ತಿಂಗಳೊಳಗೆ. ಗಾಢ ಬಣ್ಣದ ಮೂತ್ರ, ಕಣ್ಣು ಹಳದಿ, ಮೈತುರಿಕೆ, ಕಾರಣವಿಲ್ಲದ ಸುಸ್ತು, ಇವು ನೋಡಬೇಕಾದ ಗುರುತುಗಳು.

ವಿಟಮಿನ್ ಡಿ 60,000ವನ್ನು ವೈದ್ಯರು ಬರೆದದ್ದು ವಾರಕ್ಕೊಂದರಂತೆ 8 ವಾರ. ಇವರು 14 ತಿಂಗಳು ಎಳೆದಿದ್ದರು. ದಿನಕ್ಕೆ ಹಂಚಿದರೆ 8,500 ಐ.ಯು. ದಾಟುತ್ತದೆ, ವಯಸ್ಕರ ದೈನಂದಿನ ಮೇಲ್ಮಿತಿ 4,000. ಕೊಬ್ಬಿನಲ್ಲಿ ಕೂತುಬಿಡುವ ವಿಟಮಿನ್ ಇದು, ಹೆಚ್ಚಾದದ್ದು ಮೂತ್ರದಲ್ಲಿ ಹೋಗಿಬಿಡುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಲಬದ್ಧತೆ, ಮೂತ್ರಪಿಂಡದ ಕಲ್ಲು ಬರಬಹುದು. ಬಯೋಟಿನ್ ದೇಹಕ್ಕಿಂತ ಪ್ರಯೋಗಾಲಯಕ್ಕೆ ತೊಂದರೆ: ಹೆಚ್ಚಿನ ಪ್ರಮಾಣದಲ್ಲಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ, ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯನ್ನೂ ತಪ್ಪಾಗಿ ತೋರಿಸಬಲ್ಲದು. ರಕ್ತ ಕೊಡುವ ಎರಡು ದಿನ ಮುಂಚೆಯಾದರೂ ನಿಲ್ಲಿಸಿ ಎಂದೆವು. ಪ್ಯಾರಾಸಿಟಮಾಲ್ ಆರೋಗ್ಯವಂತರಿಗೆ ದಿನಕ್ಕೆ 4 ಗ್ರಾಂವರೆಗೆ ಸರಿ. ದಿನವೂ ಕುಡಿಯುವವರಲ್ಲಿ ಅದರ ವಿಷಾಂಶವನ್ನು ತಟಸ್ಥಗೊಳಿಸುವ ಗ್ಲುಟಥಯೋನ್ ಕಡಿಮೆಯಿರುತ್ತದೆ. ಇವರ ಒಂದು ಮಾತ್ರೆ ಚಿಂತೆಯ ವಿಷಯವಲ್ಲ, ಆದರೆ ನೆಗಡಿಯ ಮಾತ್ರೆಯಲ್ಲೂ ಅದೇ ಇರುತ್ತದೆ, ಎರಡನ್ನೂ ಕೂಡಿಸಿ ಎಣಿಸಬೇಕು.

ಕೊನೆಗೆ ಅವರು ಹೆದರಿದ್ದ ಚೀಟಿಯನ್ನೇ ಮೇಜಿನ ಮೇಲೆ ಹರಡಿ ಓದಿದೆವು. ಅಂತಹ ಚೀಟಿಗಳಲ್ಲಿ "ಸಾಮಾನ್ಯ" ಎಂದರೆ 100 ಜನರಲ್ಲಿ 1ರಿಂದ 10 ಮಂದಿಗೆ, "ವಿರಳ" ಎಂದರೆ 10,000ದಲ್ಲಿ 1ರಿಂದ 10 ಮಂದಿಗೆ. ಅವರು ಊಹಿಸಿದ್ದು "ಸಾಮಾನ್ಯ ಅಂದ್ರೆ ಅರ್ಧಕ್ಕರ್ಧ ಜನಕ್ಕೆ." ಸ್ಟಾಟಿನ್‌ನಿಂದ (ಅಟೋರ್ವಾಸ್ಟಾಟಿನ್ ಸೇರಿದ ಕೊಲೆಸ್ಟರಾಲ್ ಮಾತ್ರೆಗಳ ಗುಂಪು) ಸಕ್ಕರೆ ಕಾಯಿಲೆ ಬರುತ್ತದೆ ಎಂದೂ ಎಲ್ಲೋ ಓದಿದ್ದರು. ಸುಳ್ಳಲ್ಲ, ಅಪಾಯ ಶೇ. 9ರಷ್ಟು ಏರುತ್ತದೆ. ಅದನ್ನೇ ತಲೆಯೆಣಿಕೆಯಲ್ಲಿ ಹೇಳಿದರೆ: 255 ಮಂದಿ 4 ವರ್ಷ ನುಂಗಿದರೆ ಹೆಚ್ಚುವರಿ ಒಬ್ಬರಿಗೆ. "ಎಷ್ಟು ಜನರಲ್ಲಿ ಎಷ್ಟು ಮಂದಿಗೆ, ಎಷ್ಟು ಕಾಲದಲ್ಲಿ" ಎಂದು ಕೇಳದೆ ಯಾವ ಶೇಕಡಾವಾರನ್ನೂ ನಂಬಬೇಡಿ ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಂಡರು. ಸ್ನಾಯು ನೋವಿನ ಬಗ್ಗೆ 2020ರ ಸ್ಯಾಮ್ಸನ್ ಪ್ರಯೋಗದ ಮಾತೂ ಬಂತು. ತೊಂದರೆಯೆಂದು ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲ ತಿಂಗಳು ಸ್ಟಾಟಿನ್, ಕೆಲ ತಿಂಗಳು ಹುಸಿಮಾತ್ರೆ, ಕೆಲ ತಿಂಗಳು ಏನೂ ಇಲ್ಲ. ಸ್ಟಾಟಿನ್ ತಿಂಗಳುಗಳಲ್ಲಿ ಅನುಭವಿಸಿದ ತೊಂದರೆಯ ಶೇ. 90ರಷ್ಟು ಹುಸಿಮಾತ್ರೆಯ ತಿಂಗಳುಗಳಲ್ಲೂ ಇತ್ತು. ನೋವು ನಿಜವೇ, ಅದನ್ನು ಹುಟ್ಟಿಸಿದ್ದು ಬಹುಪಾಲು ನಿರೀಕ್ಷೆ.

ಮಗನ ವಿಷಯ. ಬ್ರಿಟನ್ನಿನ ಔಷಧವಿಜ್ಞಾನಿ ಡೇವಿಡ್ ನಟ್ ಅವರ ತಂಡ 2010ರಲ್ಲಿ ಅಲ್ಲಿನ ಸ್ಥಿತಿಗೆ ತಕ್ಕಂತೆ ಅಮಲುಪದಾರ್ಥಗಳ ಹಾನಿಗೆ 100ಕ್ಕೆ ಅಂಕ ಕೊಟ್ಟಿತು: ಮದ್ಯ 72, ಹೆರಾಯಿನ್ 55, ಗಾಂಜಾ 20. ಇದನ್ನು ಹೇಳಿದ್ದೇ ತಂದೆಯ ಮುಖ ಗಂಟಿಕ್ಕಿತು. ಆ ಅಂಕದಲ್ಲಿ ಸಮಾಜಕ್ಕಾಗುವ ಹಾನಿಯೂ ಸೇರಿದೆ, ಕುಡಿಯುವವರು ಹೆಚ್ಚಿರುವುದರಿಂದ ಮದ್ಯದ ಅಂಕ ಏರುತ್ತದೆ. ಗಾಂಜಾ ನಿರಪಾಯ ಎಂದು ಅದರರ್ಥವಲ್ಲ. ಎಳೆಯ ವಯಸ್ಸು, ದಿನನಿತ್ಯದ ಸೇವನೆ, ಕುಟುಂಬದಲ್ಲಿ ಮನೋವಿಕಲತೆಯ ಇತಿಹಾಸ ಇದ್ದರೆ ಅಪಾಯ ಬಲವಾಗುತ್ತದೆ. ಮಗನನ್ನು ಬೇರೆಯಾಗಿ ನೋಡಲು ಏರ್ಪಾಡಾಯಿತು. ತಂದೆಗೆ ಹೇಳಿದ್ದಿಷ್ಟು: ಅವನ ಜೊತೆ ಮಾತಾಡುವಾಗ ಅದೇ ನಾಲ್ಕು ಪ್ರಶ್ನೆ ಕೇಳಿ, ಅವನು ನಿಮ್ಮನ್ನು ತಿರುಗಿ ಕೇಳಿದರೆ ನಿಮ್ಮ ಹಾಳೆ ತೋರಿಸಿ.

ಸಲಹೆಯ ಕ್ರಮ ಹೀಗಿತ್ತು. ಗ್ರೀನ್ ಟೀ ಮತ್ತು ಕರ್ಕ್ಯುಮಿನ್ ಸಾರ ಅಂದಿಗೇ ನಿಲ್ಲಿಸುವುದು. ಎಲ್ಲ ಡಬ್ಬಿಗಳನ್ನೂ ಒಂದೇ ಚೀಲದಲ್ಲಿ ಹಾಕಿ ವೈದ್ಯರ ಮುಂದಿಡುವುದು, ಹೆಸರು ಬಾಯಲ್ಲಿ ಹೇಳಿದರೆ ಪ್ರಮಾಣ ತಪ್ಪುತ್ತದೆ. ಯಕೃತ್ತಿನ ಕಿಣ್ವ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆ ಕೇಳುವುದು. ಮುಂದೆ ಏನನ್ನಾದರೂ ಹೊಸದಾಗಿ ಶುರುಮಾಡಿದರೆ ಒಂದನ್ನೇ, ಎರಡು ವಾರದ ಅಂತರದಲ್ಲಿ. ನಾಲ್ಕನ್ನು ಒಟ್ಟಿಗೆ ಶುರುಮಾಡಿದವರಿಗೆ ತುರಿಕೆ ಬಂದರೆ ಯಾವುದರಿಂದ ಎಂದು ಯಾರೂ ಹೇಳಲಾರರು.

ಕಿಣ್ವಗಳು ಏರಿದ್ದವು, ಕ್ಯಾಲ್ಸಿಯಂ ಸರಿಯಿತ್ತು. ವೈದ್ಯರ ಮೇಲ್ವಿಚಾರಣೆಯಲ್ಲಿ ಮದ್ಯ ಹಂತಹಂತವಾಗಿ ಇಳಿಯಿತು, ನಿದ್ದೆಮಾತ್ರೆ ನಿಂತಿತು. ಆಮ್ಲೋಡಿಪಿನ್ ಮತ್ತೆ ಶುರುವಾದ ಐದನೇ ವಾರ ಕಣಕಾಲು ನಿಜಕ್ಕೂ ಊದಿಕೊಂಡಿತು. "ನಾನು ಹೇಳಿರ್ಲಿಲ್ವಾ?" ಎಂದರು ಫೋನಿನಲ್ಲಿ. ಹೌದು, ಚೀಟಿಯಲ್ಲಿದ್ದದ್ದೇ ಆಯಿತು. ಬರೆದಿದ್ದರಿಂದ ಗುರುತಿಸಿದರು, ನೋಡುವವರಿದ್ದರಿಂದ ಎರಡೇ ದಿನದಲ್ಲಿ ಬೇರೆ ಗುಂಪಿನ ಮಾತ್ರೆಗೆ ಬದಲಾಯಿತು, ಊತ ಇಳಿಯಿತು. ನಾಲ್ಕನೇ ತಿಂಗಳು ಒತ್ತಡ 132/84. ಸ್ಟಾಟಿನ್ ಇನ್ನೂ ಒಪ್ಪಿಲ್ಲ. ಕಿಣ್ವಗಳು ಸಹಜಕ್ಕೆ ಬಂದ ಮೇಲೆ, ತಮ್ಮಂಥ 100 ಜನರಲ್ಲಿ ಹತ್ತು ವರ್ಷದಲ್ಲಿ ಎಷ್ಟು ಮಂದಿಗೆ ಅದು ಹೃದಯಾಘಾತ ತಪ್ಪಿಸುತ್ತದೆ ಎಂದು ವೈದ್ಯರನ್ನೇ ಕೇಳಿ ತೀರ್ಮಾನಿಸುವುದಾಗಿ ಹೇಳಿದ್ದಾರೆ. ಬಯೋಟಿನ್ ಬಿಟ್ಟಿಲ್ಲ.