ಎಪ್‌ವರ್ತ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ

ಅಟ್ಲಾಂಟಾಗೆ ಬಂದು ನಾಲ್ಕು ತಿಂಗಳಾಯಿತು, ಅಪ್ಪ ಅಮ್ಮ ಊರಿನಿಂದ ಬರುತ್ತಿದ್ದಾರೆ ಎಂದು ಬರೆದಿದ್ದೀರಿ. ಜಾರ್ಜಿಯಾ ಕರಾವಳಿಯ ಸೇಂಟ್ ಸೈಮನ್ಸ್ ದ್ವೀಪದಲ್ಲಿರುವ ಎಪ್‌ವರ್ತ್ ಬೈ ದಿ ಸೀ ಎಂಬ ತಂಗುವ ಕೇಂದ್ರ ಮೆಥಡಿಸ್ಟ್ ಚರ್ಚಿನವರದಂತೆ, ನಾವು ಹೋಗಬಹುದಾ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ನಾನು ಐದು ಸಲ ಹೋಗಿದ್ದೇನೆ. ನಿಮ್ಮ ದೇವರು ಯಾರು ಅಂತ ಒಬ್ಬರೂ ಕೇಳಿಲ್ಲ.

ಕಾರಿನಲ್ಲಿ ಸುಮಾರು ಐದು ಗಂಟೆ. ದೋಣಿ ಬೇಡ, ಬ್ರನ್ಸ್‌ವಿಕ್‌ನಿಂದ ರಸ್ತೆಯಿದೆ. ಒಂದು ವಿಷಯ ಅಮ್ಮನಿಗೆ ಮೊದಲೇ ಹೇಳಿಬಿಡಿ: ಹೆಸರಿನಲ್ಲಿ ಸಮುದ್ರ ಇದ್ದರೂ ಅದು ಇರುವುದು ಫ್ರೆಡೆರಿಕಾ ನದಿಯ ದಂಡೆಯಲ್ಲಿ. ಬೀಚಿಗೆ ದ್ವೀಪದ ಆಚೆ ಬದಿಗೆ ಹೋಗಬೇಕು.

ಮೈಸೂರಿನ ವೆಸ್ಲಿ ಪ್ರೆಸ್ ಹೆಸರು ಹಳೆಯ ಕನ್ನಡ ಪುಸ್ತಕಗಳಲ್ಲಿ ನೋಡಿರುತ್ತೀರಿ, ಅಲ್ವಾ? ಆ ವೆಸ್ಲಿ, ಅಂದರೆ ಮೆಥಡಿಸ್ಟ್ ಕ್ರೈಸ್ತ ಪಂಥ ಶುರುಮಾಡಿದ ಜಾನ್ ವೆಸ್ಲಿಯೇ, ಇಲ್ಲಿಗೂ ಬಂದಿದ್ದವರು. ಇಂಗ್ಲೆಂಡಿನಲ್ಲಿ ಅವರು ಹುಟ್ಟಿದ ಊರು ಎಪ್‌ವರ್ತ್. 1736ರಲ್ಲಿ ಜಾನ್ ಮತ್ತು ತಮ್ಮ ಚಾರ್ಲ್ಸ್ ಜಾರ್ಜಿಯಾಕ್ಕೆ ಬಂದರು. ಚಾರ್ಲ್ಸ್ ಈ ದ್ವೀಪದ ಫ್ರೆಡೆರಿಕಾ ಕೋಟೆಯಲ್ಲಿ ಕಾಯಿಲೆ ಬಿದ್ದು, ಜನರ ಜೊತೆ ಮನಸ್ತಾಪವಾಗಿ, ಅದೇ ವರ್ಷ ವಾಪಸ್ ಹೊರಟರು. ಜಾನ್ 1737ರ ಕೊನೆಗೆ ಬೇಸರದಿಂದಲೇ ಹಡಗು ಹತ್ತಿದರು. ಅವರ ದೊಡ್ಡ ಕೆಲಸವೆಲ್ಲ ನಡೆದದ್ದು ಆಮೇಲೆ, ತಮ್ಮ ದೇಶದಲ್ಲಿ. ಬಂದ ಹೊಸದರಲ್ಲಿ, ಇಲ್ಲಿ ಏನೂ ಕೈಗೂಡುತ್ತಿಲ್ಲ ಅಂತ ಕೊರಗುತ್ತಿದ್ದಾಗ ನಾನು ಇದನ್ನು ಓದಿದೆ. ತುಂಬಾ ಸಮಾಧಾನವಾಯಿತು.

ಮೆಥಡಿಸ್ಟರು ಈ ಜಾಗ ಕೊಂಡದ್ದು 1949ರಲ್ಲಿ. ಒಳಗೆ 1880ರ ಒಂದು ಪುಟ್ಟ ಮರದ ಚರ್ಚ್ ಇದೆ, ಲವ್ಲಿ ಲೇನ್ ಚಾಪೆಲ್. ಚೆನ್ನಾಗಿದೆ. ಆದರೆ ನನ್ನನ್ನು ಮತ್ತೆ ಮತ್ತೆ ಕರೆಯುವುದು ಪಕ್ಕದಲ್ಲೇ ಇರುವ ಗುಲಾಮರ ಮನೆಗಳು. ಅಲ್ಲಿ ಹಿಂದೆ ಹ್ಯಾಮಿಲ್ಟನ್ ಎಂಬವರ ಹತ್ತಿ ತೋಟವಿತ್ತು. ಗೋಡೆ ಕಟ್ಟಿರುವುದು ಟ್ಯಾಬಿಯಿಂದ: ಸಿಂಪಿ ಚಿಪ್ಪು ಸುಟ್ಟ ಸುಣ್ಣ, ಮರಳು, ನೀರು, ಜೊತೆಗೆ ಇಡೀ ಇಡೀ ಚಿಪ್ಪುಗಳು. ನಾನು ಕುಂದಾಪುರದ ಕಡೆಯವಳು. ನಮ್ಮಲ್ಲೂ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಮೊದಲ ಸಲ ಆ ಗೋಡೆ ಮುಟ್ಟಿದಾಗ ಚಿಪ್ಪಿನ ಚೂಪು ಅಂಚು ಬೆರಳಿಗೆ ತಾಗಿತು. ಎಷ್ಟು ಜನರ ಕೈ ಇದನ್ನು ಕಲಸಿರಬೇಕು ಅನ್ನಿಸಿ ಸುಮ್ನೆ ನಿಂತುಬಿಟ್ಟೆ. ಅವರು ಇಷ್ಟಪಟ್ಟು ಬಂದವರಲ್ಲ. ಬೇಕೆಂದಾಗ ವಾಪಸ್ ಹೋಗುವ ದಾರಿಯೂ ಅವರಿಗಿರಲಿಲ್ಲ. ದಯವಿಟ್ಟು ಅದನ್ನು ನೋಡದೆ ಬರಬೇಡಿ.

ನಮ್ಮ ಅಪ್ಪನಿಗೆ ಹಿಡಿಸಿದ್ದು ಮರಗಳು. ಲೈವ್ ಓಕ್ ಅಂತಾರೆ. ಕೊಂಬೆಯಿಂದ ಸ್ಪ್ಯಾನಿಷ್ ಮಾಸ್ ಎಂಬ ಬೂದು ಬಣ್ಣದ ಸಸ್ಯ ಗಡ್ಡದ ಹಾಗೆ ಇಳಿಬಿದ್ದಿರುತ್ತದೆ. ಅಮೆರಿಕದ ಹೆಸರಾಂತ ಯುದ್ಧ ಹಡಗು ಕಾನ್‌ಸ್ಟಿಟ್ಯೂಷನ್‌ಗೆ ಈ ದ್ವೀಪದ ಓಕ್ ಮರವೂ ಹೋಗಿದೆ. ಅಪ್ಪ ಒಂದು ಮರದ ಕೆಳಗೆ ಬೆಂಚಿನ ಮೇಲೆ ಕೂತವರು ಊಟಕ್ಕೆ ಕರೆದರೂ ಏಳಲಿಲ್ಲ.

ರೂಮು ಸಾದಾ, ಸ್ವಚ್ಛ. ಮದ್ಯ ತರುವಂತಿಲ್ಲ. ಸಸ್ಯಾಹಾರಿಗಳಾದರೆ ಚಟ್ನಿಪುಡಿ, ಅವಲಕ್ಕಿ ಇಟ್ಟುಕೊಳ್ಳಿ. ವಸಂತದಲ್ಲಿ ಹೋದರೆ ಅಮ್ಮನಿಗೆ ಪೂರ್ತಿ ತೋಳಿನ ರವಿಕೆ ಇರಲಿ. ಸಂಜೆ ನದಿ ಹತ್ತಿರ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಚ್ಚುತ್ತವೆ.